ವರ್ತನೆಯೂ ವ್ಯಾಜ್ಯವೂ

ನಮ್ಮ ಊರುಗಳಲ್ಲಿ ‘ವರ್ತನೆ’ ಎಂಬ ಮಾತೊಂದು ಬಳಕೆಯಲ್ಲಿತ್ತು. ಹಳಬರ ಬಾಯಲ್ಲಿ ಈಗಲೂ ಕೇಳಬಹುದು. ಹಾಲಿನ ವರ್ತನೆ, ಹೂವಿನ ವರ್ತನೆ, ದಿನಸಿ ಅಂಗಡಿಯ ವರ್ತನೆ. ದಿನವೂ ತರುವವರು, ದಿನವೂ ಕೊಳ್ಳುವವರು, ತಿಂಗಳ ಕೊನೆಗೆ ಲೆಕ್ಕ. ವರ್ತನೆಯವನೊಡನೆ ಜಗಳವಾಡುವುದಕ್ಕೂ ಸಂತೆಯಲ್ಲಿ ಒಮ್ಮೆ ಕಂಡ ವ್ಯಾಪಾರಿಯೊಡನೆ ಜಗಳವಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಸಂತೆಯವನನ್ನು ನಾಲ್ಕು ಮಾತು ಅಂದು ಮನೆಗೆ ಬಂದುಬಿಡಬಹುದು. ವರ್ತನೆಯ ಹಾಲಿನವಳು ನೀರು ಬೆರೆಸಿದಳೆಂದು ಸಂಜೆ ಕೂಗಾಡಿದರೆ, ಬೆಳಗಾಗುತ್ತಲೇ ಕಾಫಿಗೆ ಹಾಲು ಬೇಕಲ್ಲ, ಅದೇ ಬಾಗಿಲಿನಲ್ಲಿ ಅದೇ ಪಾತ್ರೆ ಹಿಡಿದು ನಿಲ್ಲಬೇಕಾಗುತ್ತದೆ.

ಹಾಲಿನ ಮಾತು ಹೇಗೋ ನಡೆದುಹೋಗುತ್ತದೆ, ಪಕ್ಕದ ಬೀದಿಯಲ್ಲಿ ಇನ್ನೊಬ್ಬಳಿರುತ್ತಾಳೆ. ಇಂದು ನಾನು ಹೇಳಬೇಕೆಂದಿರುವುದು ಅದಕ್ಕಿಂತ ದೊಡ್ಡ ವರ್ತನೆಗಳನ್ನು ಕುರಿತು. ವಿದ್ಯುಚ್ಛಕ್ತಿಯನ್ನು ಕೊಡುವ ಕಂಪನಿ, ನಾವು ಹಣ ಇಟ್ಟಿರುವ ಬ್ಯಾಂಕು, ನಮ್ಮ ದೂರವಾಣಿಯ ಸಂಸ್ಥೆ: ಇವುಗಳಲ್ಲಿ ಒಂದರೊಡನೆ ನಮಗೆ ಕಾನೂನಿನ ತಕರಾರು ಬಂದಿತು, ಆದರೆ ಅದರ ಸೇವೆಯಿಲ್ಲದೆ ಒಂದು ದಿನವೂ ಕಳೆಯುವಂತಿಲ್ಲ. ಆಗ ಏನು ಮಾಡತಕ್ಕದ್ದು? ‘ನೀರಿನಲ್ಲಿದ್ದು ಮೊಸಳೆಯೊಡನೆ ವೈರವೇ’ ಎಂದು ಹಿರಿಯರು ಹೇಳಿಬಿಡುತ್ತಾರೆ. ಆ ಗಾದೆಯನ್ನು ನಂಬಿ ಕೊಡಬಾರದ ಹಣವನ್ನು ಕೊಟ್ಟು ಸುಮ್ಮನಾದ ಮನೆಗಳು ಬಹಳ.

ಒಂದು ನಿದರ್ಶನವನ್ನು ಇಟ್ಟುಕೊಳ್ಳೋಣ. ಒಂದು ತಾಲ್ಲೂಕು ಊರಿನಲ್ಲಿ ಒಬ್ಬ ತಾಯಿ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾಳೆ. ರಾಗಿ, ಗೋಧಿ, ಮೆಣಸಿನಪುಡಿ, ಹಬ್ಬದ ಮುಂಚೆ ಚಕ್ಕುಲಿಯ ಹಿಟ್ಟು. ತಿಂಗಳಿಗೆ ಸುಮಾರು 2,400 ರೂಪಾಯಿ ವಿದ್ಯುತ್ ಬಿಲ್ಲು ಬರುತ್ತದೆ, ತಪ್ಪದೆ ಕಟ್ಟುತ್ತಾಳೆ. ಒಂದು ದಿನ ಕಂಪನಿಯಿಂದ ಕಾಗದ ಬರುತ್ತದೆ: ‘ನಿಮ್ಮ ಮೀಟರು ಹದಿನೆಂಟು ತಿಂಗಳಿಂದ ನಿಧಾನವಾಗಿ ಓಡಿದೆ. ಆದ ಕಾರಣ 41,000 ರೂಪಾಯಿ ಬಾಕಿ ಕಟ್ಟತಕ್ಕದ್ದು. ತಪ್ಪಿದಲ್ಲಿ ಸಂಪರ್ಕವನ್ನು ಕಡಿಯಲಾಗುವುದು.’ ಮೀಟರು ಕಂಪನಿ ಇಟ್ಟದ್ದು, ಅದನ್ನು ಓದಿದವರು ಕಂಪನಿಯ ಜನ, ಬಿಲ್ಲು ಬರೆದವರೂ ಅವರೇ. ಕಚೇರಿಗೆ ಹೋದರೆ ‘ಮೊದಲು ಹಣ ಕಟ್ಟಿ ಬನ್ನಿ, ಅರ್ಜಿ ಗಿರ್ಜಿ ಆಮೇಲೆ’ ಎಂಬ ಉತ್ತರ. ಗಿರಣಿ ಒಂದು ವಾರ ನಿಂತರೆ ಗಿರಾಕಿಗಳು ಬೇರೆ ಗಿರಣಿಗೆ ಹೋಗುತ್ತಾರೆ. ಹೋದವರೆಲ್ಲ ಮರಳಿ ಬರುವುದಿಲ್ಲ. ಆ ತಾಯಿಯ ಮನಸ್ಸಿನಲ್ಲಿರುವುದು ನಲವತ್ತೊಂದು ಸಾವಿರವಲ್ಲ, ಆ ಒಂದು ವಾರ.

ಇಂಥ ಸಂದರ್ಭದಲ್ಲಿ ಜನ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಸಾಲ ಮಾಡಿ ಅಷ್ಟನ್ನೂ ಕಟ್ಟಿ, ಬಾಯಿ ಮುಚ್ಚಿಕೊಂಡು ಕೂರುವುದು ಒಂದು. ಸಿಟ್ಟು ಬಂದು, ‘ಇದನ್ನು ಬಗೆಹರಿಸುವವರೆಗೆ ಒಂದು ಕಾಸೂ ಕಟ್ಟುವುದಿಲ್ಲ’ ಎಂದು ತಿಂಗಳ ಬಿಲ್ಲನ್ನೂ ನಿಲ್ಲಿಸಿಬಿಡುವುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ತಕರಾರಿಲ್ಲದ ಬಿಲ್ಲನ್ನು ನಿಲ್ಲಿಸಿದ ದಿನ, ನ್ಯಾಯವಾಗಿ ಸಂಪರ್ಕ ಕಡಿಯಲು ಕಂಪನಿಗೆ ಬೇಕಾಗಿದ್ದ ಕಾರಣವನ್ನು ನಾವೇ ಕೈಯಾರೆ ಕೊಟ್ಟಂತಾಗುತ್ತದೆ.

ಕಾಯಿದೆ ಮೂರನೆಯ ದಾರಿಯೊಂದನ್ನು ಇಟ್ಟಿದೆ, ಅದು ಹೊಸದೂ ಅಲ್ಲ. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮನ್ನು ತೆಗೆದು ನೋಡಿ. ತಪ್ಪು ತಿಳಿವಳಿಕೆಯಿಂದಾಗಲಿ ಬಲವಂತದಿಂದಾಗಲಿ ಕೊಟ್ಟ ಹಣವನ್ನು ಪಡೆದವನು ಹಿಂದಿರುಗಿಸಬೇಕು ಎಂದು ಅದು ಹೇಳುತ್ತದೆ. ಕಲಮಿನ ಕೆಳಗೆ ಕಾಯಿದೆ ಬರೆದವರೇ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ಒಬ್ಬನಿಗೆ ರೈಲಿನಲ್ಲಿ ಸರಕು ಬಂದಿದೆ. ನ್ಯಾಯವಲ್ಲದ ಹೆಚ್ಚಿನ ಕೂಲಿ ಕೊಟ್ಟ ಹೊರತು ಸರಕು ಬಿಡುವುದಿಲ್ಲ ಎನ್ನುತ್ತದೆ ರೈಲ್ವೆ ಕಂಪನಿ. ಸರಕು ಬೇಕಾದ್ದರಿಂದ ಆತ ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಹಾಗೆ ಕೊಟ್ಟದ್ದರಲ್ಲಿ ಕಾನೂನಿಗೆ ವಿರುದ್ಧವಾಗಿ ಹೆಚ್ಚಾಗಿದ್ದಷ್ಟನ್ನು ವಾಪಸು ಪಡೆಯಲು ಅವನಿಗೆ ಹಕ್ಕುಂಟು. ನೋಡಿ, ನಮ್ಮ ಗಿರಣಿಯ ತಾಯಿಯ ಸಂಕಟ ನೂರೈವತ್ತು ವರ್ಷದ ಹಿಂದೆಯೇ ಕಾಯಿದೆ ಬರೆಯುವವರ ಕಣ್ಣಿಗೆ ಬಿದ್ದಿತ್ತು. ಹಣ ಕೊಟ್ಟೆ ಎಂದರೆ ಬಾಕಿಯನ್ನು ಒಪ್ಪಿಕೊಂಡೆ ಎಂದೇ ಅರ್ಥವಲ್ಲ. ಆದರೆ ಒಪ್ಪಿ ಕೊಟ್ಟದ್ದಲ್ಲ ಎಂಬುದಕ್ಕೆ ಕೊಟ್ಟ ದಿನದ್ದೇ ಒಂದು ಗುರುತು ಇರಬೇಕು. ಕೋರ್ಟುಗಳ ಭಾಷೆಯಲ್ಲಿ ಇದಕ್ಕೆ ‘ಆಕ್ಷೇಪಣೆಗೆ ಒಳಪಟ್ಟು ಪಾವತಿ’ ಎನ್ನುತ್ತಾರೆ.

ವಿದ್ಯುತ್ತಿನ ವಿಷಯದಲ್ಲಿ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1905ರಲ್ಲಿ ಬೆಂಗಳೂರಿಗೆ ಶಿವನಸಮುದ್ರದ ದೀಪ ಬಂದಾಗ ಅದನ್ನು ಕೊಟ್ಟದ್ದು ಮೈಸೂರು ಸರ್ಕಾರ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿಯಾಯಿತು, 1999ರಲ್ಲಿ ಮಂಡಳಿ ಹೋಗಿ ನಿಗಮ ಬಂದಿತು, 2002ರಲ್ಲಿ ಹಂಚಿಕೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ಕಂಪನಿಗಳಿಗೆ ಬಂದಿತು; ಮೈಸೂರು ಕಡೆಯದು ಆಮೇಲೆ ಬೇರೆಯಾಯಿತು. ಹೆಸರು ಎಷ್ಟು ಬದಲಾದರೂ ಒಂದು ಬೀದಿಗೆ ಒಂದೇ ತಂತಿ. ಗ್ರಾಹಕನಿಗೆ ಬೇರೆ ಅಂಗಡಿಯಿಲ್ಲ. ಇದನ್ನು ಅರಿತೇ 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಕಲಮು ಎರಡು ಮಾತು ಹೇಳಿದೆ. ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ ಕಂಪನಿ ಹದಿನೈದು ಪೂರ್ಣ ದಿನಗಳ ಲಿಖಿತ ನೋಟೀಸು ಕೊಡಬೇಕು, ಬಾಯಿಮಾತು ಸಾಲದು. ಎರಡನೆಯ ಮಾತು ಇನ್ನೂ ಮುಖ್ಯ. ಬಾಕಿಯ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತವನ್ನಾಗಲಿ, ಇಲ್ಲವೆ ಹಿಂದಿನ ಆರು ತಿಂಗಳಲ್ಲಿ ಕಟ್ಟಿದ್ದರ ಸರಾಸರಿಯಂತೆ ತಿಂಗಳು ತಿಂಗಳ ಮೊತ್ತವನ್ನಾಗಲಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಗೆ ಒಳಪಟ್ಟು ಠೇವಣಿ ಮಾಡಿದರೆ, ತಕರಾರು ತೀರ್ಮಾನವಾಗುವವರೆಗೆ ಸಂಪರ್ಕವನ್ನು ಕಡಿಯುವಂತಿಲ್ಲ.

ಗಿರಣಿಯ ತಾಯಿಗೆ ಇದನ್ನು ಅನ್ವಯಿಸಿ ನೋಡೋಣ. ಕೇಳಿರುವುದು 41,000. ಆರು ತಿಂಗಳ ಸರಾಸರಿ 2,400. ಆಕೆ ತಿಂಗಳಿಗೆ 2,400ರಂತೆ ಕಟ್ಟುತ್ತಾ ಹೋದರೆ ಗಿರಣಿ ತಿರುಗುತ್ತಿರುತ್ತದೆ, ತಕರಾರೂ ನಡೆಯುತ್ತಿರುತ್ತದೆ. ‘ಮೊದಲು ಅಷ್ಟನ್ನೂ ಕಟ್ಟಿ ಬನ್ನಿ’ ಎಂದವರಿಗೆ ಹೇಳಬೇಕಾದ ಉತ್ತರ ಈ ಕಲಮಿನಲ್ಲೇ ಇದೆ. ಕೌಂಟರಿನಲ್ಲಿ ಕುಳಿತವರು ಇದನ್ನು ತಾವಾಗಿ ಹೇಳುತ್ತಾರೆಂದು ಕಾಯಬೇಡಿ.

ಹೇಗೆ ಕಟ್ಟಬೇಕು ಎಂಬುದರಲ್ಲಿ ಸ್ವಲ್ಪ ಜಾಗರೂಕತೆ ಬೇಕು. ಹಿಂದೆ ಚೆಕ್ಕಿನ ಬೆನ್ನ ಮೇಲೆಯೋ ಚಲನ್ನಿನ ಮೇಲೆಯೋ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆಯಬಹುದಾಗಿತ್ತು. ಈಗ ಮೊಬೈಲಿನಲ್ಲಿ ಹಣ ಕಳಿಸುವಾಗ ಬರೆಯಲು ಜಾಗವೇ ಇರುವುದಿಲ್ಲ. ಆದುದರಿಂದ ಹಣ ಕಟ್ಟಿದ ದಿನವೇ ಒಂದು ಕಾಗದ ಬರೆಯಬೇಕು. ಅದು ಅರ್ಧ ಪುಟಕ್ಕಿಂತ ಹೆಚ್ಚು ಬೇಡ. ನಿಮ್ಮ ಆರ್.ಆರ್. ನಂಬರು, ನೋಟೀಸಿನ ಸಂಖ್ಯೆ ಮತ್ತು ತಾರೀಖು, ಕೇಳಿದ ಮೊತ್ತ, ನೀವು ಅದನ್ನು ಒಪ್ಪದಿರುವ ಕಾರಣ, ಇಂದು ಇಷ್ಟು ಹಣವನ್ನು 56ನೆಯ ಕಲಮಿನಂತೆ ಆಕ್ಷೇಪಣೆಗೆ ಒಳಪಟ್ಟು ಕಟ್ಟಿದ್ದೇನೆ ಎಂಬ ಮಾತು, ಮೀಟರನ್ನು ಪರೀಕ್ಷಿಸಬೇಕೆಂಬ ಕೋರಿಕೆ. ಬೈಗುಳ ಬೇಡ. ನಮ್ಮಲ್ಲಿ ಕೆಲವರು ದೂರಿನ ಕಾಗದದಲ್ಲಿ ದೇಶದ ಸ್ಥಿತಿಯನ್ನೆಲ್ಲ ಬರೆಯುತ್ತಾರೆ; ಓದುವ ಅಧಿಕಾರಿ ಎರಡನೆಯ ಪುಟಕ್ಕೆ ಹೋಗುವುದೇ ಇಲ್ಲ. ಕಾಗದದ ನಕಲಿನ ಮೇಲೆ ಉಪವಿಭಾಗದ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ನಕಲಿಗೆ ಅಂಟಿಸಿಡಿ. ನಮಗೆಲ್ಲ ರೂಢಿಯಾಗಿದ್ದ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಅದರೊಳಗೇ ಸೇರಿಹೋಯಿತು.

ಇನ್ನು ಎಲ್ಲಿಗೆ ಹೋಗಬೇಕು? ಅದೇ ಕಾಯಿದೆಯ 42ನೆಯ ಕಲಮಿನಂತೆ ಪ್ರತಿಯೊಂದು ವಿದ್ಯುತ್ ಕಂಪನಿಯೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯನ್ನು ರಚಿಸಬೇಕು. ‘ಕಂಪನಿಯೇ ರಚಿಸಿದ ವೇದಿಕೆ ನನಗೆ ನ್ಯಾಯ ಕೊಟ್ಟೀತೆ?’ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅದಕ್ಕಾಗಿಯೇ ವೇದಿಕೆಯ ಮೇಲೆ ಒಬ್ಬ ಓಂಬುಡ್ಸ್‌ಮನ್ ಇರುತ್ತಾರೆ. ಅವರನ್ನು ನೇಮಿಸುವುದು ಕಂಪನಿಯಲ್ಲ, ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಇದಲ್ಲದೆ ಜಿಲ್ಲಾ ಗ್ರಾಹಕರ ಆಯೋಗವೂ ಉಂಟು. 1986ರ ಗ್ರಾಹಕರ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ ತಿಂಗಳಿನಿಂದ ಜಾರಿಗೆ ಬಂದ ಮೇಲೆ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಎದುರಾಳಿಯ ಮುಖ್ಯ ಕಚೇರಿ ಎಲ್ಲೇ ಇರಲಿ. ವಕೀಲರಿಲ್ಲದೆ ತಾವೇ ವಾದಿಸಬಹುದು. ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರು ಈ ಕಾಯಿದೆಯ ಗ್ರಾಹಕರಲ್ಲ ಎಂಬ ಒಂದು ನಿರ್ಬಂಧವಿದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ವಿನಾಯಿತಿ ಇದೆ. ನಮ್ಮ ಗಿರಣಿಯ ತಾಯಿ ಧೈರ್ಯವಾಗಿ ಹೋಗಬಹುದು; ನಾಲ್ಕು ಗಿರಣಿಗಳನ್ನಿಟ್ಟು ಆಳುಗಳಿಂದ ನಡೆಸುವವರಿಗೆ ಅದು ಕಷ್ಟ.

ಒಂದು ಬಾಗಿಲು ಮಾತ್ರ ಮುಚ್ಚಿದೆ, ಅದನ್ನು ಹೇಳದೆ ಬಿಡಬಾರದು. ಮೀಟರು ಕೆಟ್ಟಿತ್ತು ಎನ್ನುವುದು ಬೇರೆ, ನೀವು ಅನಧಿಕೃತವಾಗಿ ವಿದ್ಯುತ್ ಬಳಸಿದಿರಿ ಎನ್ನುವುದು ಬೇರೆ. ಎರಡನೆಯ ಆಪಾದನೆಯ ಮೇಲೆ 126ನೆಯ ಕಲಮಿನಂತೆ ದರದ ಎರಡರಷ್ಟು ಹಣವನ್ನು ನಿರ್ಧರಿಸಿ ಆಜ್ಞೆ ಮಾಡಿದ್ದರೆ, ಅದರ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲವೆಂದು ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪು ಕೊಟ್ಟಿದೆ. ಸಿವಿಲ್ ಕೋರ್ಟಿಗೂ ಕಾಯಿದೆಯೇ ತಡೆ ಹಾಕಿದೆ. ಮೊದಲು ಬಂದ ತಾತ್ಕಾಲಿಕ ಆಜ್ಞೆಗೆ ಆಕ್ಷೇಪಣೆ ಸಲ್ಲಿಸಬೇಕು. ಅಂತಿಮ ಆಜ್ಞೆಯಾದ ಮೂವತ್ತು ದಿನದೊಳಗೆ ಅರ್ಧ ಹಣವನ್ನು ಠೇವಣಿ ಇಟ್ಟು ಮೇಲ್ಮನವಿ ಸಲ್ಲಿಸಬೇಕು. ಬಂದ ಕಾಗದದಲ್ಲಿ 126 ಎಂಬ ಅಂಕಿ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ. ಇದ್ದರೆ ಆ ದಿನವೇ ವಕೀಲರ ಮನೆಗೆ ಹೋಗಿ; ಮೂವತ್ತು ದಿನ ನಾವಂದುಕೊಂಡದ್ದಕ್ಕಿಂತ ಬೇಗ ಕಳೆದುಹೋಗುತ್ತದೆ.

ಹಳೆಯ ಬಾಕಿಗೂ ಒಂದು ಮಿತಿಯಿದೆ. ಬಾಕಿ ಮೊದಲು ಕೊಡಬೇಕಾಗಿ ಬಂದ ದಿನದಿಂದ ಎರಡು ವರ್ಷ ಕಳೆದ ಮೇಲೆ, ಆ ಅವಧಿಯಲ್ಲಿ ಬಿಲ್ಲುಗಳಲ್ಲಿ ಬಿಡದೆ ತೋರಿಸಿಕೊಂಡು ಬಂದಿದ್ದ ಹೊರತು, ಅದಕ್ಕಾಗಿ ದೀಪ ಕಡಿಯುವಂತಿಲ್ಲ. ಕಂಪನಿಯ ಲೆಕ್ಕದಲ್ಲಿಯೇ ತಪ್ಪಾಗಿ ತಡವಾಗಿ ಹೊಸ ಬಿಲ್ಲು ಕೊಟ್ಟರೆ ಏನು ಎಂಬ ಪ್ರಶ್ನೆ 2020ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ತಪ್ಪು ಕಂಡುಬಂದ ಮೇಲೆ ಹೆಚ್ಚಿನ ಬಿಲ್ಲನ್ನು ಕೇಳಬಹುದು, ಆದರೆ ಆ ಹಳೆಯ ಅವಧಿಯ ಹಣಕ್ಕಾಗಿ ಸಂಪರ್ಕ ಕಡಿಯುವ ಬಲವಂತ ಕೂಡದು ಎಂದು ನ್ಯಾಯಾಲಯ ಹೇಳಿತು. ಸಾಲವಿದ್ದರೆ ಇರಲಿ, ಅದನ್ನು ದಾವಾ ಹಾಕಿ ವಸೂಲು ಮಾಡಲಿ. ಕತ್ತಲೆಯನ್ನು ತೋರಿಸಿ ಬೇಡ, ಎಂಬುದು ಇದರ ತಾತ್ಪರ್ಯ. ಹಾಗೆಂದ ಮೇಲೆ ಹಳೆಯ ಬಿಲ್ಲುಗಳನ್ನು ಎಸೆಯಬಾರದು ಎಂದು ಬೇರೆ ಹೇಳಬೇಕೇ? 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳ ಬಿಲ್ಲಿನಲ್ಲಿ ಸೊನ್ನೆ ಕಾಣಿಸಿತು, ಬಿಲ್ಲನ್ನು ನೋಡುವ ಅಭ್ಯಾಸವೂ ತಪ್ಪಿತು. ಸೊನ್ನೆಯ ಬಿಲ್ಲಿನಲ್ಲಿಯೂ ಮೀಟರಿನ ಅಂಕಿ ಇರುತ್ತದೆ.

ಈಗ ಭಯದ ಮಾತು. ‘ದೂರು ಕೊಟ್ಟರೆ ನಾಳೆ ತಂತಿ ಕಡಿದುಬಿದ್ದಾಗ ಯಾರೂ ಬರುವುದಿಲ್ಲ’ ಎಂಬ ಅಂಜಿಕೆ ಅನೇಕರಿಗಿದೆ. ಅಂಗಡಿಯವನು ‘ನಿನಗೆ ಕೊಡುವುದಿಲ್ಲ’ ಎನ್ನಬಹುದು. ವಿದ್ಯುತ್ ಕಂಪನಿ ಹಾಗೆನ್ನುವಂತಿಲ್ಲ. ಕೇಳಿದವರಿಗೆ ಸಂಪರ್ಕ ಕೊಡುವುದು ಕಾಯಿದೆ ಅದರ ಮೇಲೆ ಹೊರಿಸಿದ ಕರ್ತವ್ಯ, ಅದು ಮಾಡುವ ಉಪಕಾರವಲ್ಲ. ಸೇವೆಯ ಮಟ್ಟವನ್ನು ಆಯೋಗ ಗೊತ್ತುಮಾಡುತ್ತದೆ, ತಪ್ಪಿದರೆ ಪರಿಹಾರ ಕೊಡಬೇಕು. ದಾವಾ ಹಾಕಿದವನಿಗೊಂದು, ಹಾಕದವನಿಗೊಂದು ಎಂಬ ಮಟ್ಟವಿಲ್ಲ. ಆದರೆ ನಾವೂ ಒಂದು ವಿವೇಕ ಇಟ್ಟುಕೊಳ್ಳಬೇಕು. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ನಮ್ಮ ಮೊಕದ್ದಮೆಯ ಪ್ರತಿವಾದಿಯಲ್ಲ. ಮೀಟರು ಓದಲು ಬಂದ ಹುಡುಗನನ್ನು ಗೇಟಿನಲ್ಲೇ ತಡೆದು ಬೈಯುವುದರಿಂದ ಬರುವ ಲಾಭ ಏನೂ ಇಲ್ಲ, ನಷ್ಟ ಉಂಟು. ಕಂಪನಿಯ ಜನರನ್ನು ಒಳಗೆ ಬಿಡದೆ ಹೋದರೆ, ಲಿಖಿತ ನೋಟೀಸು ಕೊಟ್ಟು ಇಪ್ಪತ್ತನಾಲ್ಕು ಗಂಟೆಯಾದ ಮೇಲೆ ಸಂಪರ್ಕ ಕಡಿಯಲು ಅದೇ ಕಾಯಿದೆಯ 163ನೆಯ ಕಲಮು ಅವಕಾಶ ಕೊಡುತ್ತದೆ. ಜಗಳ ಕಾಗದದ ಮೇಲಿರಲಿ. ಅವನಿಗೆ ನೀರು ಬೇಕಾದರೆ ಕೊಡಿ.

ದೂರವಾಣಿಯ ಕಥೆ ಬೇರೆ. ಒಂದು ಕಾಲದಲ್ಲಿ ಅಲ್ಲಿಯೂ ಒಂದೇ ತಂತಿಯಿತ್ತು. 2011ರಲ್ಲಿ ದೇಶಾದ್ಯಂತ ನಂಬರನ್ನು ಉಳಿಸಿಕೊಂಡೇ ಸಂಸ್ಥೆಯನ್ನು ಬದಲಾಯಿಸುವ ಏರ್ಪಾಡು ಬಂದ ಮೇಲೆ ಮೊಬೈಲಿನವರ ಹಂಗು ಕಡಿಮೆಯಾಯಿತು. ದೂರವಾಣಿಯ ತಕರಾರನ್ನು ಗ್ರಾಹಕರ ನ್ಯಾಯಾಲಯಗಳು ಕೇಳುವಂತಿಲ್ಲವೆಂದು 2009ರಲ್ಲಿ ಒಂದು ತೀರ್ಪು ಬಂದಿತ್ತು. ಹಳೆಯ ತಂತಿ ಕಾಯಿದೆ ಅದಕ್ಕೆ ಅಡ್ಡಿಯಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಿಟ್ಟುಹೋಗುವ ದಾರಿಯಿರುವಲ್ಲಿ ಮೊದಲು ಬಿಟ್ಟುಹೋಗಿ, ಆಮೇಲೆ ಜಗಳವಾಡಿ ಎನ್ನುವುದು ನನ್ನ ಸಲಹೆ.

ಬ್ಯಾಂಕಿನ ನಂಟು ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಸಾಲದ ಬಡ್ಡಿಯ ಲೆಕ್ಕದಲ್ಲಿ ತಕರಾರು ಎನ್ನೋಣ. ಆ ಬ್ಯಾಂಕಿನಲ್ಲಿಯೇ ನಿಮ್ಮ ಸಂಬಳ ಬೀಳುತ್ತದೆ, ಮಗಳ ಮದುವೆಯ ಠೇವಣಿಯಿದೆ, ಒಡವೆಯೂ ಅಲ್ಲಿಯ ಕಪಾಟಿನಲ್ಲಿದೆ. ಒಬ್ಬ ಗ್ರಾಹಕನದೇ ಆದ ಒಂದು ಖಾತೆಯ ಹಣವನ್ನು ಇನ್ನೊಂದರ ಬಾಕಿಗೆ ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕುಗಳಿಗೆ ಹಿಂದಿನಿಂದ ಇದೆ. ಆದುದರಿಂದ ಬ್ಯಾಂಕಿನೊಡನೆ ವ್ಯಾಜ್ಯಕ್ಕೆ ಇಳಿಯುವ ಮುನ್ನ, ಮನೆಯ ಖರ್ಚಿನ ಹಣ ಬರುವ ಖಾತೆಯನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿಕೊಳ್ಳುವುದು ಕಳ್ಳತನವಲ್ಲ, ಮುಂದಾಲೋಚನೆ. ಸಾಲದ ಕಂತನ್ನು ಮಾತ್ರ ತಪ್ಪಿಸಬೇಡಿ. ದೂರನ್ನು ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಟ್ಟು, ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬೇಕು. 1995ರಲ್ಲಿ ಆರಂಭವಾದ ಈ ಏರ್ಪಾಡಿಗೆ ಶುಲ್ಕವಿಲ್ಲ.

ಪೇಟೆಯವರಾದ ನಮಗೆ ಇವೆಲ್ಲ ದೊಡ್ಡ ಕಷ್ಟವೆನಿಸುತ್ತದೆ. ಮಂಡ್ಯ, ಬೆಳಗಾವಿ ಕಡೆಯ ಕಬ್ಬಿನ ರೈತನನ್ನು ಒಮ್ಮೆ ನೆನೆಯಿರಿ. ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ನೂರಕ್ಕೆ ಹದಿನೈದರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಆದರೆ ಕಡಿದ ಕಬ್ಬು ಕಾಯುವುದಿಲ್ಲ, ದಿನ ಕಳೆದಂತೆ ತೂಕ ಇಳಿಯುತ್ತದೆ. ಮುಂದಿನ ಹಂಗಾಮಿನ ಕಟಾವಿನ ಸರದಿ ಗೊತ್ತುಮಾಡುವುದು ಬಾಕಿ ಉಳಿಸಿಕೊಂಡ ಅದೇ ಕಾರ್ಖಾನೆ. ಬಡ್ಡಿ ಕೇಳಿ ಒಂಟಿಯಾಗಿ ಕೋರ್ಟಿಗೆ ಹೋಗುವವನ ಎದೆಗಾರಿಕೆ ಎಷ್ಟಿರಬೇಕು! ಆದುದರಿಂದಲೇ ಅಲ್ಲಿ ಜನ ಗುಂಪಾಗಿ ಕೇಳುತ್ತಾರೆ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವ ಅವಕಾಶವೂ ಆಜ್ಞೆಯಲ್ಲಿದೆ. ಗುಂಪಾಗಿ ಕೇಳುವ ಈ ಉಪಾಯ ಪೇಟೆಯ ಬೀದಿಗೂ ಒಗ್ಗುತ್ತದೆ. ಒಂದೇ ಬೀದಿಯ ಹತ್ತು ಮನೆಗೆ ಒಂದೇ ಬಗೆಯ ತಪ್ಪು ಬಿಲ್ಲು ಬಂದಿದ್ದರೆ ಹತ್ತು ಮನೆಯವರೂ ಒಂದೇ ದಿನ ಕಾಗದ ಕೊಡಲಿ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತಿದೆಯಲ್ಲ, ಅದನ್ನು ನೆನೆದು ಹಿಂಜರಿಯುವವರಿಗೆ ಇನ್ನೊಂದು ಸ್ಥಳವನ್ನು ಹೇಳಬೇಕು. 1987ರ ಕಾನೂನು ಸೇವೆಗಳ ಕಾಯಿದೆಗೆ 2002ರಲ್ಲಿ ತಿದ್ದುಪಡಿ ಮಾಡಿ, ನೀರು, ದೀಪ, ಸಾರಿಗೆ, ದೂರವಾಣಿ, ಆಸ್ಪತ್ರೆ, ವಿಮೆ ಮೊದಲಾದ ಸಾರ್ವಜನಿಕ ಸೇವೆಗಳ ತಕರಾರಿಗೆಂದೇ ಖಾಯಂ ಜನತಾ ನ್ಯಾಯಾಲಯಗಳನ್ನು ಏರ್ಪಡಿಸಲಾಯಿತು. ಬೇರೆ ಕೋರ್ಟಿಗೆ ಹೋಗುವ ಮುನ್ನ ಇಲ್ಲಿಗೆ ಹೋಗಬೇಕು. ಮೊದಲು ರಾಜಿ ಮಾಡಿಸಲು ನೋಡುತ್ತಾರೆ. ಆಗದಿದ್ದರೆ ತಾವೇ ತೀರ್ಪು ಕೊಡುತ್ತಾರೆ. ಎದುರಾಳಿ ಬಾರದಿದ್ದರೂ ರಾಜಿಯ ಕ್ರಮವನ್ನು ಬಿಡುವಂತಿಲ್ಲವೆಂದು, ಕರ್ನಾಟಕದಿಂದಲೇ ಹೋದ ಒಂದು ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ನಾಳೆಯೂ ಒಬ್ಬರ ಮುಖ ಒಬ್ಬರು ನೋಡಬೇಕಾದವರಿಗೆ ಇದು ಒಪ್ಪುವ ಸ್ಥಳ. ಆದರೆ ರಾಜಿಯ ಕಾಗದಕ್ಕೆ ರುಜು ಹಾಕುವ ಮುನ್ನ, ‘ಇನ್ನು ಮುಂದೆ ಈ ಅವಧಿಯ ಬಗ್ಗೆ ಯಾವ ಬಾಕಿಯೂ ಇಲ್ಲ’ ಎಂಬ ಸಾಲು ಅದರಲ್ಲಿ ಇದೆಯೇ ಎಂದು ನೋಡಿ. ಆ ಸಾಲಿಲ್ಲದ ರಾಜಿ ಅರ್ಧ ರಾಜಿ.

ತೀರ್ಪು ನಿಮ್ಮ ಕಡೆಗೇ ಆಯಿತು ಎನ್ನೋಣ. ದೃಢೀಕೃತ ನಕಲನ್ನು ಪಡೆದು, ಉಪವಿಭಾಗದ ಕಚೇರಿಗೆ ಕೊಟ್ಟು, ಮತ್ತೆ ಮೊಹರು ಹಾಕಿಸಿಕೊಳ್ಳಿ. ಹೆಚ್ಚಾಗಿ ಕಟ್ಟಿದ ಹಣವನ್ನು ಮುಂದಿನ ಬಿಲ್ಲುಗಳಲ್ಲಿ ವಜಾ ಮಾಡಿಕೊಡಿ ಎಂದು ನೀವೇ ಬರೆದು ಕೇಳಬಹುದು. ಮುಂದಿನ ತಿಂಗಳ ಬಿಲ್ಲು ಬಂದಾಗ ‘ಬಾಕಿ’ ಎಂಬ ಕಲಮಿನಲ್ಲಿ ಆ ನಲವತ್ತೊಂದು ಸಾವಿರ ಮತ್ತೆ ಅಚ್ಚಾಗಿ ಬಂದರೆ ಗಾಬರಿಯಾಗಬೇಡಿ. ನ್ಯಾಯಾಲಯದ ಆಜ್ಞೆ ಗಣಕಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಒಬ್ಬರು ಕುಳಿತು ತಿದ್ದಬೇಕು. ಆ ತಿಂಗಳ ನಿಜವಾದ ಮೊತ್ತವನ್ನು ಮಾತ್ರ ಕಟ್ಟಿ, ತೀರ್ಪಿನ ನಕಲಿನ ಜೊತೆಗೆ ಇನ್ನೊಂದು ಅರ್ಧ ಪುಟದ ಕಾಗದ ಬರೆಯಿರಿ.